ದುಬ್ರೊವ್ನಿಕ್‌ನಿಂದ ಫೋಚಾದವರೆಗೆ: ಗುರಿಯಿಟ್ಟು ಕೆಡವಿದ ಕಟ್ಟಡಗಳ ದಾರಿಯಲ್ಲಿ

ಶನಿವಾರ, ದುಬ್ರೊವ್ನಿಕ್

ಪಿಲೆ ಬಾಗಿಲು ದಾಟಿದವರೆಲ್ಲ ನೇರ ಸ್ತ್ರಾದೂನ್ ಬೀದಿಗೆ ಹೋಗಿಬಿಡುತ್ತಾರೆ. ಜನ ನಡೆದೂ ನಡೆದೂ ಹೊಳಪು ಬಂದ ಕಲ್ಲಿನ ನೆಲ, ಎರಡೂ ಕಡೆ ಒಂದೇ ಎತ್ತರದ ಮನೆಗಳು, ಆ ತುದಿಯಲ್ಲಿ ಗಂಟೆ ಗೋಪುರ. ಕಾಲು ಅತ್ತಲೇ ಎಳೆಯುತ್ತದೆ. ನಾನೂ ತಂಗಿಯೂ ಮಾತ್ರ ಬಾಗಿಲ ಹತ್ತಿರವೇ ನಿಂತೆವು. ಅಲ್ಲಿ ಗೋಡೆಗೆ ಒಂದು ಬೋರ್ಡ್ ಹಾಕಿದ್ದಾರೆ. ಹಳೇ ಊರಿನ ನಕ್ಷೆ. ಎಲ್ಲಿ ಶೆಲ್ ಬಿತ್ತು, ಯಾವ ಚಾವಣಿ ಒಡೆಯಿತು, ಯಾವ ಮನೆ ಪೂರ್ತಿ ಸುಟ್ಟಿತು ಎಂದು ಅದರ ತುಂಬ ಗುರುತುಗಳು. ಖಾಲಿ ಜಾಗ ಹುಡುಕಬೇಕು, ಅಷ್ಟು ಗುರುತು.

ತಂಗಿ ಮ್ಯೂನಿಕ್‌ನಲ್ಲಿ ಕೆಲಸ ಮಾಡುತ್ತಾಳೆ. ಅವಳ ರಜೆಗೆ ಸರಿಹೊಂದಿಸಿ ನಾನು ಬೆಂಗಳೂರಿನಿಂದ ಹೋಗಿದ್ದೆ. ಯುದ್ಧದಲ್ಲಿ ಪೆಟ್ಟು ತಿಂದು ಮತ್ತೆ ಎದ್ದು ನಿಂತ ಜಾಗಗಳನ್ನು ಒಂದೇ ದಾರಿಯಲ್ಲಿ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. 1990ರ ದಶಕದ ಯುದ್ಧಗಳಲ್ಲಿ ಒಡೆದು ಹಲವು ದೇಶಗಳಾದ ಹಳೇ ಯುಗೊಸ್ಲಾವಿಯಾದಲ್ಲಿ ಅಂಥ ಜಾಗಗಳು ಬಸ್ಸಿನಲ್ಲಿ ಓಡಾಡುವಷ್ಟು ಹತ್ತಿರ ಹತ್ತಿರ ಇವೆ.

ಈಗ ಕ್ರೊಯೇಷಿಯಾ ದೇಶದಲ್ಲಿರುವ ದುಬ್ರೊವ್ನಿಕ್ 1979ರಲ್ಲೇ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಊರು. 1991ರ ಅಕ್ಟೋಬರ್ 1ರಂದು ಯುಗೊಸ್ಲಾವ್ ಸೇನೆ ಅದನ್ನು ಮುತ್ತಿತು. ಕೋಟೆಯ ಮೇಲೆ ಯುನೆಸ್ಕೋ ಬಾವುಟ ಹಾರಿಸಿದ್ದರು. ಯುನೆಸ್ಕೋದ ಇಬ್ಬರು ವೀಕ್ಷಕರು ಊರೊಳಗೇ ಇದ್ದರು. ಇದು ಏನು, ಯಾರ ಲೆಕ್ಕಕ್ಕೆ ಸೇರಿದ್ದು ಅಂತ ಗೊತ್ತಿಲ್ಲದೆ ಹೊಡೆದೆವು ಅನ್ನಲು ಯಾರಿಗೂ ಸಾಧ್ಯವಿರಲಿಲ್ಲ. ಆದರೂ ಡಿಸೆಂಬರ್ 6ರ ಬೆಳಗ್ಗೆಯಿಂದ ಶೆಲ್ ಸುರಿದವು. ಮುತ್ತಿಗೆ ಮುಗಿಯುವ ಹೊತ್ತಿಗೆ ಹಳೇ ಊರಿನ 824 ಕಟ್ಟಡಗಳಲ್ಲಿ 563ಕ್ಕೆ ಪೆಟ್ಟು ಬಿದ್ದಿತ್ತು.

ಕೋಟೆ ಗೋಡೆಯ ಮೇಲೆ ಸುಮಾರು ಎರಡು ಕಿಲೋಮೀಟರ್ ಸುತ್ತು ಹೊಡೆಯಬಹುದು. ಮೇಲಿನಿಂದ ಚಾವಣಿಗಳನ್ನು ನೋಡಿದರೆ ಊರಿನ ಕಥೆ ಗೊತ್ತಾಗಿಬಿಡುತ್ತದೆ. ನಮ್ಮ ಕರಾವಳಿಯ ಹಳೇ ಮನೆಯಲ್ಲಿ ಒಡೆದ ಕಡೆ ಹೊಸ ಹೆಂಚು ಹೊದಿಸಿದರೆ ಎದ್ದು ಕಾಣುತ್ತದಲ್ಲ, ಹಾಗೆ. ಪಾಚಿ ಹಿಡಿದು ಮಾಸಿದ ಹಳೇ ಹೆಂಚು ಅಲ್ಲೊಂದು ಇಲ್ಲೊಂದು ಕಡೆ. ಉಳಿದದ್ದೆಲ್ಲ ಕೆಂಪು ಕೆಂಪು ಹೊಸದು. ಫೋಟೋ ತೆಗೆಯುವವರಿಗೆ ಆ ಕೆಂಪು ಬಹಳ ಇಷ್ಟ. ಅದು ಯಾಕೆ ಅಷ್ಟು ಹೊಸದು ಅಂತ ಜಾಸ್ತಿ ಜನ ಕೇಳುವುದಿಲ್ಲ.

ಭಾನುವಾರ, ಸ್ರ್ಜ್ ಬೆಟ್ಟ

ಕೇಬಲ್ ಕಾರಿನಲ್ಲಿ ಮೇಲೆ ಹೋದೆವು. 1969ರ ಕೇಬಲ್ ಕಾರು ಯುದ್ಧದಲ್ಲಿ ಹಾಳಾಗಿ, ಹೊಸದು ಶುರುವಾದದ್ದು 2010ರಲ್ಲಿ. ಬೆಟ್ಟದ ತುದಿಯಲ್ಲಿ ನೆಪೋಲಿಯನ್ ಕಾಲದ ಫ್ರೆಂಚರು ಕಟ್ಟಿದ ಕೋಟೆ, ಅದರೊಳಗೆ ಯುದ್ಧದ ಮ್ಯೂಸಿಯಂ. ಡಿಸೆಂಬರ್ 6ರಂದು ಯುಗೊಸ್ಲಾವ್ ಸೇನೆ ಹಿಡಿಯಲು ಹೊರಟದ್ದು ಈ ಕೋಟೆಯನ್ನು. ಇದು ಅವರ ಕೈಗೆ ಬೀಳಲಿಲ್ಲ.

ಇಲ್ಲಿ ನಿಂತು ಕೆಳಗೆ ನೋಡಿದರೆ ಹಳೇ ಊರಿನ ಒಂದೊಂದು ಮನೆಯೂ ಬೇರೆ ಬೇರೆಯಾಗಿ ಕಾಣುತ್ತದೆ. ಈ ಯುದ್ಧಗಳ ಅಪರಾಧ ವಿಚಾರಿಸಲು ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿ ಕೂತ ಅಂತಾರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ಮುಖ್ಯವಾದದ್ದೂ ಇದೇ ಮಾತು: ಹಳೇ ಊರಿನೊಳಗೆ ಸೈನಿಕ ಗುರಿ ಅನ್ನುವಂಥದ್ದು ಏನಾದರೂ ಇತ್ತಾ? ಇತ್ತು ಅಂತ ಸೇನೆಯ ಕಡೆಯವರು ವಾದಿಸಿದರು. ನ್ಯಾಯಾಧೀಶರು ಒಪ್ಪಲಿಲ್ಲ. ಆ ಒಂದೇ ದಿನ 52 ಕಟ್ಟಡಗಳು ಹಾಳಾದವೆಂದು ಲೆಕ್ಕ ಹಿಡಿದು, ಜನರಲ್ ಪಾವ್ಲೆ ಸ್ತ್ರೂಗಾರ್‌ಗೆ 2005ರಲ್ಲಿ ಎಂಟು ವರ್ಷ ಶಿಕ್ಷೆ ಕೊಟ್ಟರು. ಮೇಲ್ಮನವಿಯಲ್ಲಿ ಅದು ಏಳೂವರೆ ವರ್ಷವಾಯಿತು. ನೌಕಾಪಡೆಯ ಮಿಯೊದ್ರಾಗ್ ಯೊಕಿಚ್ ತಪ್ಪೊಪ್ಪಿಕೊಂಡರು. ಅವರಿಗೆ ಏಳು ವರ್ಷ. ಸಂಸ್ಕೃತಿಯ ಆಸ್ತಿ ಹಾಳು ಮಾಡಿದ್ದೂ ಒಂದು ಯುದ್ಧಾಪರಾಧ ಅಂತ ಸೇನಾಧಿಕಾರಿಗಳು ಜೈಲಿಗೆ ಹೋದದ್ದು ದೊಡ್ಡ ಸಂಗತಿ.

ಕೆಳಗೆ ಇಳಿಯುವಾಗ ತಂಗಿ ಕೇಳಿದಳು, "ಅಕ್ಕಾ, ಜನ ಸಾಯ್ತಾ ಇರುವಾಗ ಹೆಂಚಿನ ಲೆಕ್ಕ ಯಾಕೆ ಬೇಕು?" ಈ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಈ ಮುತ್ತಿಗೆಯಲ್ಲಿ 80ಕ್ಕೂ ಹೆಚ್ಚು ನಾಗರಿಕರು ಸತ್ತರು. ಅದೇ ತಿಂಗಳುಗಳಲ್ಲಿ ಇದೇ ದೇಶದ ಇನ್ನೊಂದು ತುದಿಯಲ್ಲಿ ವುಕೊವಾರ್ ಊರು ನೆಲಸಮವಾಯಿತು. ಜಗತ್ತಿನ ಕ್ಯಾಮೆರಾಗಳು ದುಬ್ರೊವ್ನಿಕ್ ಕಡೆ ತಿರುಗಿದಷ್ಟು ಅತ್ತ ತಿರುಗಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದ ಊರಿಗೆ ಸಿಕ್ಕ ಗಮನ ಹೆಸರಿಲ್ಲದ ಊರಿಗೆ ಸಿಗಲಿಲ್ಲ. ಇದು ಅನ್ಯಾಯವೇ. ತಂಗಿಯ ಪ್ರಶ್ನೆಗೆ ನನ್ನ ಉತ್ತರ ಸಿಕ್ಕಿದ್ದು ಮಾತ್ರ ಪ್ರವಾಸದ ಮುಂದಿನ ಊರುಗಳಲ್ಲಿ. ಜನರನ್ನು ಓಡಿಸುವುದೂ ಅವರ ಕಟ್ಟಡ ಕೆಡವುವುದೂ ಅಲ್ಲಿ ಬೇರೆ ಬೇರೆ ಕೆಲಸ ಆಗಿರಲಿಲ್ಲ.

ಸೋಮವಾರ, ಮೊಸ್ತಾರ್

ಬೋಸ್ನಿಯಾ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ, ಆಮೇಲೆ ನೆರೆತ್ವಾ ನದಿಯ ಬಯಲು. ಮಧ್ಯಾಹ್ನದ ಹೊತ್ತಿಗೆ ಮೊಸ್ತಾರ್. ಪೆಟ್ಟಿಗೆ ರೂಮಿನಲ್ಲಿ ಹಾಕಿ ಊರಿನ ಹೆಸರಾಂತ ಹಳೇ ಸೇತುವೆಗೆ ಓಡಿದೆವು.

ಫೋಟೋದಲ್ಲಿ ಎಷ್ಟು ನೋಡಿದ್ದರೂ ಎದುರಿಗೆ ನಿಂತಾಗ ಬೇರೆಯೇ. ಒಂದೇ ಕಮಾನು. ದಂಡೆಯಿಂದ ದಂಡೆಗೆ ಸುಮಾರು 29 ಮೀಟರ್. ಕೆಳಗೆ ಹಸಿರು ನೀರು. ಕಮಾನು ಎಷ್ಟು ತೆಳುವಾಗಿದೆಯೆಂದರೆ, ಇಷ್ಟು ಕಲ್ಲು ಅಲ್ಲಿ ಹೇಗೆ ನಿಂತಿದೆ ಅಂತ ಆಶ್ಚರ್ಯವಾಗುತ್ತದೆ. ಒಟ್ಟೊಮನ್ ಸುಲ್ತಾನ ಸುಲೈಮಾನನ ಆಜ್ಞೆಯಂತೆ ವಾಸ್ತುಶಿಲ್ಪಿ ಮಿಮಾರ್ ಹೈರುದ್ದೀನ್ ಕಟ್ಟಿಸಿದ್ದು. ಮುಗಿದದ್ದು 1566ರಲ್ಲಿ. ನಮ್ಮ ರಕ್ಕಸತಂಗಡಗಿ ಯುದ್ಧ ನಡೆದು ಹಂಪೆ ಹಾಳಾದ ಮರುವರ್ಷ. ಈ ಎರಡು ಇಸವಿಗಳಿಗೆ ಸಂಬಂಧವೇನೂ ಇಲ್ಲ, ಆದರೂ ಕನ್ನಡದವರಿಗೆ ಅದು ನೆನಪಾಗದೆ ಇರುವುದಿಲ್ಲ.

ಮೇಲೆ ಹತ್ತಿದಾಗ ಕಾಲಿಗೆ ಅಡ್ಡ ಪಟ್ಟಿಗಳು ಸಿಗುತ್ತವೆ. ಜಾರದೆ ಇರಲಿ ಅಂತ ಎಬ್ಬಿಸಿದ ಕಲ್ಲಿನ ಪಟ್ಟಿಗಳು. ಆದರೂ ಜಾರುತ್ತದೆ, ಕೈಯಲ್ಲಿ ಗೋಡೆ ಹಿಡಿದುಕೊಂಡೇ ನಡೆಯಬೇಕು. ಕಲ್ಲಿಗೆ ತೆನೆಲಿಯಾ ಅಂತ ಹೆಸರು, ಇಲ್ಲೇ ಹತ್ತಿರದ ಗಣಿಯಿಂದ ಬರುವ ತಿಳಿ ಬಣ್ಣದ ಕಲ್ಲು. ಕಲ್ಲಿಗೂ ಕಲ್ಲಿಗೂ ಕಬ್ಬಿಣದ ಪಟ್ಟಿ ಕೂರಿಸಿ, ಸಂದಿಗೆ ಕರಗಿದ ಸೀಸ ಹೊಯ್ದು ಬಿಗಿ ಮಾಡುತ್ತಿದ್ದರು. 2004ರಲ್ಲಿ ಮತ್ತೆ ಕಟ್ಟಿದಾಗಲೂ ಅದೇ ಗಣಿಯ ಕಲ್ಲು, ಅದೇ ಕಬ್ಬಿಣ, ಅದೇ ಸೀಸ.

ಈಗ ಕೆಡವಿದ ಕಥೆ. 1992ರಲ್ಲಿ ಮೊಸ್ತಾರ್‌ನ ಮೇಲೆ ಮೊದಲು ಶೆಲ್ ಹೊಡೆದದ್ದು ಯುಗೊಸ್ಲಾವ್ ಸೇನೆ ಮತ್ತು ಸರ್ಬ್ ಪಡೆಗಳು. ಆಗ ಇಲ್ಲಿನ ಕ್ರೊಯಟರೂ ಬೋಸ್ನಿಯಾಕ್ ಮುಸ್ಲಿಮರೂ ಒಂದೇ ಕಡೆ ಇದ್ದರು. 1993ರಲ್ಲಿ ಇವರಿಬ್ಬರ ನಡುವೆಯೇ ಯುದ್ಧ ಹತ್ತಿತು. ಪೂರ್ವದ ದಂಡೆಯಲ್ಲಿ ಬೋಸ್ನಿಯಾಕರು ಸಿಕ್ಕಿಹಾಕಿಕೊಂಡರು. ಸೇತುವೆಯನ್ನು ಉಳಿಸಲು ಜನ ಅದರ ಪಕ್ಕಕ್ಕೆ ಹಳೇ ಟಯರ್ ಕಟ್ಟಿದರು, ಮೇಲೆ ತಗಡು ಹೊದಿಸಿದರು. 1971ರ ಯುದ್ಧದಲ್ಲಿ ನಮ್ಮವರು ತಾಜ್ ಮಹಲನ್ನು ವಿಮಾನಗಳ ಕಣ್ಣಿನಿಂದ ಮರೆಮಾಡಲು ಬಟ್ಟೆ ಹೊದಿಸಿದ್ದರು. ಅಲ್ಲಿ ಶತ್ರು ದೂರದಲ್ಲಿದ್ದ. ಇಲ್ಲಿ ಹೊಡೆಯುವವನು ಎದುರು ಗುಡ್ಡದಲ್ಲೇ ಇದ್ದ. ಕ್ರೊಯಟ್ ಪಡೆಯ ಟ್ಯಾಂಕು ಎರಡು ದಿನ ಒಂದೇ ಕಮಾನಿಗೆ ಗುರಿಯಿಟ್ಟು ಹೊಡೆಯಿತು. 1993ರ ನವೆಂಬರ್ 9ರ ಬೆಳಗ್ಗೆ ಹತ್ತು ಗಂಟೆ ದಾಟಿದ ಹೊತ್ತಿಗೆ ಸೇತುವೆ ನದಿಗೆ ಬಿತ್ತು. 427 ವರ್ಷ ನಿಂತಿತ್ತು.

ಹೇಗ್‌ನಲ್ಲಿ ಇದರ ತೀರ್ಪು ಏನಾಯಿತು ಅನ್ನುವುದು ನನ್ನನ್ನು ಬಹಳ ಕಾಡಿದೆ. 2013ರ ಮೊದಲ ತೀರ್ಪಿನಲ್ಲಿ ನ್ಯಾಯಾಧೀಶರು ಹೇಳಿದ್ದು ಹೀಗೆ: ಬೋಸ್ನಿಯಾ ಸೇನೆಯೂ ಸೇತುವೆ ಬಳಸುತ್ತಿತ್ತು, ಹಾಗಾಗಿ ಅದು ಸೈನಿಕ ಗುರಿಯೇ. ಆದರೆ ನಾಗರಿಕರಿಗೆ ಆದ ಕಷ್ಟ ನೋಡಿದರೆ ಅದನ್ನು ಕೆಡವಿದ್ದು ಅತಿಯಾಯಿತು, ಅಪರಾಧ. 2017ರ ನವೆಂಬರ್ 29ರಂದು ಮೇಲ್ಮನವಿ ಪೀಠ ಇದನ್ನು ತಿರುಗಿಸಿತು. ಸೈನಿಕ ಗುರಿ ಅಂದಮೇಲೆ ಸೈನಿಕ ಅಗತ್ಯವಿಲ್ಲದೆ ಕೆಡವಿದರು ಅನ್ನಲಾಗದು ಎಂದಿತು. ನ್ಯಾಯಾಧೀಶ ಫೌಸ್ತೊ ಪೊಕಾರ್ ಒಪ್ಪಲಿಲ್ಲ, ಭಿನ್ನಮತ ಬರೆದರು. ಬೇರೆ ಅಪರಾಧಗಳ ಶಿಕ್ಷೆಗಳು ಉಳಿದವು, ಆದರೆ ಸೇತುವೆಯ ಲೆಕ್ಕದಲ್ಲಿ ಯಾರೂ ತಪ್ಪಿತಸ್ಥರಲ್ಲ ಅಂತಾಯಿತು. ಅದೇ ದಿನ ಆರೋಪಿಗಳಲ್ಲಿ ಒಬ್ಬರಾದ ಕ್ರೊಯಟ್ ಜನರಲ್ ಸ್ಲೊಬೊದಾನ್ ಪ್ರಾಲ್ಯಾಕ್ ಕೋರ್ಟಿನಲ್ಲೇ ವಿಷ ಕುಡಿದು ಸತ್ತರು. ಜಗತ್ತಿನ ಪತ್ರಿಕೆಗಳೆಲ್ಲ ಆ ವಿಷದ ಬಾಟಲಿಯ ಸುದ್ದಿ ಬರೆದವು. ಸೇತುವೆಯ ತೀರ್ಪು ಅದರಡಿ ಮುಚ್ಚಿಹೋಯಿತು.

ಕಾನೂನಿನಲ್ಲಿ ಈ ಕಿಂಡಿ ಮೊದಲಿನಿಂದಲೂ ಇದೆ. ಯುದ್ಧಕಾಲದಲ್ಲಿ ಸಂಸ್ಕೃತಿಯ ಆಸ್ತಿ ಕಾಯಲು 1954ರಲ್ಲಿ ಹೇಗ್ ಒಪ್ಪಂದ ಬಂತು. ನೀಲಿ ಬಿಳಿ ಗುರಾಣಿಯ ಗುರುತು ಅದರದ್ದೇ. ಸ್ಮಾರಕಕ್ಕೆ ಹೊಡೆಯಬಾರದು ಅಂತ ಅದು ಹೇಳುತ್ತದೆ. ಜೊತೆಗೇ, ಸೈನಿಕ ಅಗತ್ಯ ತೀರಾ ಅನಿವಾರ್ಯವಾದರೆ ವಿನಾಯಿತಿ ಅಂತಲೂ ಹೇಳುತ್ತದೆ. ಅನಿವಾರ್ಯ ಅಂತ ತೀರ್ಮಾನಿಸುವವನು ಯಾರು? ಟ್ಯಾಂಕಿನ ಪಕ್ಕ ನಿಂತ ಅಧಿಕಾರಿ. ಯುಗೊಸ್ಲಾವಿಯಾದ ಈ ಯುದ್ಧಗಳ ಅನುಭವದ ಮೇಲೆ 1999ರಲ್ಲಿ ಎರಡನೇ ಪ್ರೋಟೊಕಾಲ್ ತಂದು ಈ ವಿನಾಯಿತಿಯನ್ನು ಬಿಗಿ ಮಾಡಿದರು. ಬೇರೆ ದಾರಿ ಇದ್ದರೆ ಹೊಡೆಯುವಂತಿಲ್ಲ ಅಂದರು. ಒಳ್ಳೆಯದೇ. ಆದರೆ ಅದಕ್ಕೆ ಸಹಿ ಹಾಕಿದ ದೇಶಗಳಿಗೆ ಮಾತ್ರ ಅದು ಅನ್ವಯ. ಮೂಲ ಒಪ್ಪಂದಕ್ಕೇ ಅಮೆರಿಕ ಸೇರಿದ್ದು 2009ರಲ್ಲಿ, ಬ್ರಿಟನ್ 2017ರಲ್ಲಿ!

ಸಂಜೆ ಹುಡುಗರು ಸೇತುವೆಯಿಂದ ನದಿಗೆ ಹಾರುತ್ತಿದ್ದರು. ಮೊದಲು ಸುತ್ತ ನಿಂತವರ ಹತ್ತಿರ ದುಡ್ಡು ಕೂಡಿಸುತ್ತಾರೆ, ಸಾಕಾಯಿತು ಅನ್ನಿಸಿದ ಮೇಲೆ ಹಾರುತ್ತಾರೆ. ಈ ಹಾರಾಟ ಶತಮಾನಗಳಿಂದ ನಡೆದುಬಂದದ್ದು.

ಮಂಗಳವಾರ, ಮೊಸ್ತಾರ್‌ನ ಎರಡು ದಂಡೆ

ಇವತ್ತು ಸೇತುವೆ ಬಿಟ್ಟು ಊರು ಸುತ್ತಿದೆವು. ಬುಲೆವಾರ್ ರಸ್ತೆ ಯುದ್ಧದಲ್ಲಿ ಎರಡೂ ಕಡೆಯವರ ಗಡಿಯಾಗಿತ್ತು. ಗುಂಡಿನ ತೂತು ಬಿದ್ದ ಪಾಳು ಕಟ್ಟಡಗಳು ಈಗಲೂ ನಿಂತಿವೆ, ಒಳಗೆ ಮರ ಬೆಳೆದಿದೆ.

ಸೇತುವೆ ಕಟ್ಟಲು ವಿಶ್ವಬ್ಯಾಂಕ್, ಯುನೆಸ್ಕೋ, ಆಗಾ ಖಾನ್ ಟ್ರಸ್ಟ್, ಟರ್ಕಿ, ಇಟಲಿ, ಇನ್ನೂ ಎಷ್ಟೋ ಜನ ಬಂದರು. 2004ರ ಜುಲೈ 23ರಂದು ದೊಡ್ಡ ಸಮಾರಂಭವಾಯಿತು. ಊರು ಒಂದಾಯಿತು ಅಂತ ಭಾಷಣಗಳಾದವು. ಆದರೆ 2008ರಿಂದ 2020ರವರೆಗೆ ಈ ಊರಿನಲ್ಲಿ ನಗರಸಭೆ ಚುನಾವಣೆಯೇ ನಡೆಯಲಿಲ್ಲ. ಮತದಾನದ ನಿಯಮ ಹೇಗಿರಬೇಕು ಅಂತ ಎರಡೂ ಕಡೆಯ ಪಕ್ಷಗಳು ಒಪ್ಪಲೇ ಇಲ್ಲ. ಕಲ್ಲು ಜೋಡಿಸುವುದಕ್ಕೆ ದುಡ್ಡು ಕೊಟ್ಟವರಿಗೆ ಇದರ ಮೇಲೆ ಹಿಡಿತ ಇರಲಿಲ್ಲ.

ಕತ್ತೆತ್ತಿ ನೋಡಿದರೆ ಹುಮ್ ಗುಡ್ಡದ ಮೇಲೆ 2000ದಲ್ಲಿ ನಿಲ್ಲಿಸಿದ ಭಾರೀ ಶಿಲುಬೆ. ಕೆಳಗೆ ಫ್ರಾನ್ಸಿಸ್ಕನ್ ಚರ್ಚಿನ ಹೊಸ ಗಂಟೆ ಗೋಪುರ, ನೂರು ಮೀಟರಿಗೂ ಎತ್ತರ. ಹಳೇ ಗೋಪುರ ಇಷ್ಟು ಎತ್ತರ ಇರಲಿಲ್ಲ. ಆಚೆ ದಂಡೆಯಲ್ಲಿ ಮಿನಾರುಗಳು. ಮೇಲಿನ ಇಳಿಜಾರಿನಲ್ಲಿ 1992ರಲ್ಲಿ ನೆಲಸಮ ಮಾಡಿದ ಸರ್ಬ್ ಆರ್ಥೊಡಾಕ್ಸ್ ಕೆಥೆಡ್ರಲ್ಲನ್ನು ಮತ್ತೆ ಎಬ್ಬಿಸಿದ್ದಾರೆ. ನಾನು ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಸೇತುವೆಯ ಕಥೆ ಎಲ್ಲರಿಗೂ ಗೊತ್ತು, ಆ ಕೆಥೆಡ್ರಲ್ ಕಥೆ ಗೊತ್ತಿರುವವರು ಕಡಿಮೆ. ಯಾರ ಕಟ್ಟಡ ಹೋದರೂ ಹೋದದ್ದೇ. ಹಾನಿಯ ಲೆಕ್ಕ ಮಾಡುವಾಗ ನಮ್ಮವರದ್ದು ಮಾತ್ರ ಬರೆದುಕೊಳ್ಳುವುದು ಇಲ್ಲಿನ ಎಲ್ಲ ಕಡೆಯವರ ರಾಜಕೀಯ.

ಬುಧವಾರ, ಸರಾಯೆವೊ

ಬಸ್ಸು ನೆರೆತ್ವಾ ಕಣಿವೆಯಲ್ಲೇ ಹತ್ತುತ್ತದೆ. ದಾರಿ ಬಹಳ ಚೆಂದ. ಊಟಕ್ಕೆ ನಮ್ಮಂಥ ಸಸ್ಯಾಹಾರಿಗಳಿಗೆ ಸೊಪ್ಪಿನ ಝೆಲ್ಯಾನಿತ್ಸಾ, ಆಲೂಗಡ್ಡೆಯ ಕ್ರೊಂಪಿರುಶಾ ಎಲ್ಲ ಕಡೆ ಸಿಗುತ್ತವೆ.

ಬೋಸ್ನಿಯಾ ರಾಜಧಾನಿ ಸರಾಯೆವೊದಲ್ಲಿ ವಿಯೆಚ್ನಿತ್ಸಾ ಕಟ್ಟಡ ನದಿ ಪಕ್ಕದಲ್ಲಿದೆ. ಆಸ್ಟ್ರಿಯಾ-ಹಂಗೇರಿ ಆಳುತ್ತಿದ್ದಾಗ ನಗರಸಭೆಗಾಗಿ ಕಟ್ಟಿದ್ದು, 1896ರಲ್ಲಿ ಬಾಗಿಲು ತೆರೆದದ್ದು. ಹಳದಿ ಕೆಂಪು ಪಟ್ಟೆಗಳ ಗೋಡೆ, ಕಮಾನುಗಳು, ಒಳಗೆ ನಿಂತರೆ ಬಣ್ಣದ ಗಾಜಿನ ಚಾವಣಿಯಿಂದ ಬೆಳಕು. 1949ರಿಂದ ಯುದ್ಧದವರೆಗೆ ಇದು ರಾಷ್ಟ್ರೀಯ ಗ್ರಂಥಾಲಯವಾಗಿತ್ತು. ಸುಮಾರು 15 ಲಕ್ಷ ಪುಸ್ತಕ, ಅದರಲ್ಲಿ 1,55,000 ಅಪರೂಪದ ಪುಸ್ತಕ, ಹಸ್ತಪ್ರತಿ.

1992ರ ಆಗಸ್ಟ್ 25ರ ರಾತ್ರಿ ಸುತ್ತಲಿನ ಬೆಟ್ಟಗಳಿಂದ ಸರ್ಬ್ ಪಡೆಗಳು ಇದಕ್ಕೆ ಬೆಂಕಿ ಹಚ್ಚುವ ಶೆಲ್ ಹೊಡೆದವು. ಊರನ್ನು ಮುತ್ತಿ, ನೀರಿನ ಸರಬರಾಜು ಕಡಿದುಹಾಕಿದ್ದ ಕಾಲ. ಬೆಂಕಿ ಆರಿಸಲು ಬಂದವರ ಮೇಲೂ ಗುಂಡು. ಗ್ರಂಥಾಲಯದವರೂ ಅಕ್ಕಪಕ್ಕದವರೂ ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಗ್ರಂಥಾಲಯದ ಒಬ್ಬ ಯುವತಿ ಮನೆಗೆ ಹೋಗುವ ದಾರಿಯಲ್ಲಿ ಶೆಲ್ಲಿಗೆ ಬಲಿಯಾದಳು. ಸುಟ್ಟ ಹಾಳೆಗಳ ಬೂದಿ ದಿನಗಟ್ಟಲೆ ಊರ ಮೇಲೆ ಬೀಳುತ್ತಿತ್ತು. ಅದಕ್ಕೂ ಮೊದಲು, ಅದೇ ವರ್ಷದ ಮೇ ತಿಂಗಳಲ್ಲಿ, ಓರಿಯೆಂಟಲ್ ಇನ್‌ಸ್ಟಿಟ್ಯೂಟ್‌ಗೂ ಬೆಂಕಿ ಬಿದ್ದಿತ್ತು. ಅಲ್ಲಿ 5,263 ಹಸ್ತಪ್ರತಿಗಳಲ್ಲಿ ಬಹುಪಾಲು ಸುಟ್ಟವು. ಗ್ರಂಥಾಲಯದಲ್ಲಿ ಟ್ಯಾಂಕಿರಲಿಲ್ಲ, ಸೈನಿಕರಿರಲಿಲ್ಲ. ಇಲ್ಲಿ ಎಲ್ಲ ಧರ್ಮದವರೂ ಒಟ್ಟಿಗೆ ಬದುಕಿದ್ದರು ಅನ್ನುವುದಕ್ಕೆ ದಾಖಲೆ ಇತ್ತು. ಅದೇ ಅದರ ತಪ್ಪು.

ಕಟ್ಟಡ 2014ರ ಮೇ 9ರಂದು ಮತ್ತೆ ತೆರೆಯಿತು. ಬಾಗಿಲ ಪಕ್ಕ ಒಂದು ಫಲಕ. "ಸರ್ಬ್ ಅಪರಾಧಿಗಳು" ಬೆಂಕಿ ಹಚ್ಚಿದರು ಎಂದು ಅದರಲ್ಲಿ ಕೆತ್ತಿದೆ. ಹೊಡೆದವರು ಯಾರೆಂದು ಮುಚ್ಚಿಡಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಮುತ್ತಿಗೆಯ ಆ ನಾಲ್ಕು ವರ್ಷ ಇದೇ ಊರಿನಲ್ಲಿ ಉಳಿದು, ಅದೇ ಶೆಲ್ಲುಗಳಿಗೆ ಸಿಕ್ಕ ಸರ್ಬರೂ ಇದ್ದರಲ್ಲ. ಅವರ ಮಕ್ಕಳು ಈ ಫಲಕ ಓದುವಾಗ ಏನು ಅನ್ನಿಸಬಹುದು? ಅಪ್ಪಣೆ ಕೊಟ್ಟವರ, ಪಡೆಯ ಹೆಸರು ಬರೆದಿದ್ದರೆ ಆಗುತ್ತಿತ್ತು. ಇನ್ನೊಂದು ನೋವು ಇದೆ. ಕಟ್ಟಡ ನಗರಸಭೆಗೆ ಹೋಯಿತು. ಗ್ರಂಥಾಲಯ ಇಲ್ಲಿಗೆ ಪೂರ್ತಿ ವಾಪಸ್ ಬರಲೇ ಇಲ್ಲ.

ಗುರುವಾರ, ರಾಷ್ಟ್ರೀಯ ಮ್ಯೂಸಿಯಂ

ಮ್ಯೂಸಿಯಂ ಇದ್ದದ್ದು ಯುದ್ಧದ ಮುಂಚೂಣಿಯ ಮಗ್ಗುಲಲ್ಲೇ. ನಿರ್ದೇಶಕ ರಿಜೊ ಸಿಯಾರಿಚ್ ಒಡೆದ ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಹೊಂದಿಸಲು ಓಡಾಡುತ್ತಿದ್ದರು. 1993ರ ಡಿಸೆಂಬರ್‌ನಲ್ಲಿ ಶೆಲ್ ಸಿಡಿದು ತೀರಿಕೊಂಡರು.

ನಾವು ಬಂದದ್ದು ಸರಾಯೆವೊ ಹಗ್ಗಾದಾ ನೋಡಲು. ಯಹೂದಿಗಳ ಪೆಸಾಹ್ ಹಬ್ಬದಲ್ಲಿ ಓದುವ ಪುಸ್ತಕ. 14ನೇ ಶತಮಾನದಲ್ಲಿ ಸ್ಪೇನಿನಲ್ಲಿ ಬರೆದದ್ದು. ವಾರದಲ್ಲಿ ಕೆಲವೇ ಗಂಟೆ ತೋರಿಸುತ್ತಾರೆ. ಗಾಜಿನೊಳಗೆ, ಮಂದ ಬೆಳಕಿನಲ್ಲಿ, ಅಂಗೈಗಿಂತ ಸ್ವಲ್ಪ ದೊಡ್ಡದು. ಚಿನ್ನದ ಬಣ್ಣ ಇನ್ನೂ ಹೊಳೆಯುತ್ತದೆ. ಹಬ್ಬದ ಊಟದ ಮೇಜಿನಲ್ಲಿ ಚೆಲ್ಲಿದ ವೈನಿನ ಕಲೆಗಳು ಪುಟಗಳ ಮೇಲೆ ಇವೆಯಂತೆ. ತೆರೆದಿಟ್ಟ ಪುಟದಲ್ಲಿ ನನಗೆ ಕಲೆ ಕಾಣಲಿಲ್ಲ, ಅಂಚು ಸವೆದದ್ದು ಕಂಡಿತು.

ಎರಡನೇ ಮಹಾಯುದ್ಧದಲ್ಲಿ ನಾಜಿ ಜನರಲ್ ಇದನ್ನು ಕೇಳಿಕೊಂಡು ಬಂದಾಗ ಬಚ್ಚಿಟ್ಟವರು ಮ್ಯೂಸಿಯಂನ ಮುಸ್ಲಿಂ ಗ್ರಂಥಪಾಲಕ ದೆರ್ವಿಶ್ ಕೊರ್ಕುತ್. 1992ರಲ್ಲಿ ಪ್ರಾಧ್ಯಾಪಕ ಎನ್ವರ್ ಇಮಾಮೊವಿಚ್ ಪೊಲೀಸರನ್ನು ಕರೆದುಕೊಂಡು ಒಳಗೆ ನುಗ್ಗಿ ತೆಗೆದುಕೊಂಡು ಬಂದರು, ಬ್ಯಾಂಕಿನ ನೆಲಮಾಳಿಗೆ ಸೇರಿಸಿದರು. ಶಸ್ತ್ರ ಕೊಳ್ಳಲು ಸರ್ಕಾರ ಇದನ್ನು ಮಾರಿದೆ ಅಂತ ಗಾಳಿಸುದ್ದಿ ಹಬ್ಬಿದಾಗ, 1995ರಲ್ಲಿ ಬೋಸ್ನಿಯಾದ ಅಧ್ಯಕ್ಷ ಇಜೆತ್‌ಬೆಗೊವಿಚ್ ಹಬ್ಬದ ಊಟಕ್ಕೇ ಪುಸ್ತಕ ತಂದು ತೋರಿಸಬೇಕಾಯಿತು.

ಇಷ್ಟೆಲ್ಲ ದಾಟಿ ಬಂದ ಮ್ಯೂಸಿಯಂ ಮುಚ್ಚಿದ್ದು ಶಾಂತಿಕಾಲದಲ್ಲಿ! ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದದಲ್ಲಿ ಸ್ಮಾರಕ ಕಾಯುವುದಕ್ಕೇ ಒಂದು ಅನುಬಂಧ ಇದೆ, ಆಯೋಗ ಇದೆ. ಆದರೆ ಇಡೀ ದೇಶಕ್ಕೆ ಸಂಸ್ಕೃತಿ ಸಚಿವಾಲಯವಿಲ್ಲ. ರಾಷ್ಟ್ರದ ಏಳು ಸಂಸ್ಥೆಗಳಿಗೆ ಸಂಬಳ ಕೊಡುವವರು ಯಾರು ಅಂತ ತೀರ್ಮಾನವಾಗಲಿಲ್ಲ. ಇಡೀ ದೇಶದ ಮ್ಯೂಸಿಯಂ ಅಂತ ಒಪ್ಪಿದರೆ ಇಡೀ ದೇಶವನ್ನೇ ಒಪ್ಪಿದ ಹಾಗೆ ಅಂತ ಕೆಲವು ನಾಯಕರಿಗೆ ಸಂಕಟ. 2012ರ ಅಕ್ಟೋಬರ್‌ನಲ್ಲಿ ಬಾಗಿಲಿಗೆ ಹಲಗೆ ಹೊಡೆದರು. ಮೂರು ವರ್ಷ ನೌಕರರು ಸಂಬಳವಿಲ್ಲದೆ ದಿನಾ ಬಂದು ಕಾದರು. ಊರಿನ ಜನರೂ ಬಂದು ಅವರ ಜೊತೆ ಕಾವಲು ಕೂತರು. 2015ರ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆಯಿತು. ಆ ನೌಕರರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಶುಕ್ರವಾರ, ಫೋಚಾ

ಫೋಚಾಕ್ಕೆ ಹೋಗುವ ಬಸ್ಸು ಸರಾಯೆವೊದ ಮುಖ್ಯ ನಿಲ್ದಾಣದಿಂದ ಸಿಗಲಿಲ್ಲ. ಪೂರ್ವ ಸರಾಯೆವೊಕ್ಕೆ ಹೋಗಿ ಹತ್ತಿದೆವು. ಅಲ್ಲಿಂದ ಮುಂದೆ ಬೋಸ್ನಿಯಾದೊಳಗೇ ಸರ್ಬರ ಆಡಳಿತದ ಭಾಗವಾದ ರಿಪಬ್ಲಿಕಾ ಸ್ರ್ಪ್‌ಸ್ಕಾ. ಬೋರ್ಡುಗಳೆಲ್ಲ ಸರ್ಬರ ಸಿರಿಲಿಕ್ ಲಿಪಿಯಲ್ಲಿ.

ಯುದ್ಧಕ್ಕೆ ಮೊದಲು ಫೋಚಾದ ಅರ್ಧದಷ್ಟು ಜನ ಮುಸ್ಲಿಮರು. 1992ರ ಏಪ್ರಿಲ್‌ನಲ್ಲಿ ಊರು ಸರ್ಬ್ ಪಡೆಗಳ ಕೈ ಸೇರಿತು. ಇಲ್ಲಿನ ಹೆಂಗಸರಿಗೆ ಆದ ಹಿಂಸೆಯ ಮೇಲೆ ಹೇಗ್ 2001ರಲ್ಲಿ ಕೊಟ್ಟ ತೀರ್ಪು ಚರಿತ್ರೆ ಸೇರಿದೆ. ಅಲಾಜಾ ಮಸೀದಿಯನ್ನು ಸಿಡಿಮದ್ದಿಟ್ಟು ಉರುಳಿಸಿದ್ದು ಆಗಸ್ಟ್‌ನಲ್ಲಿ. ಅಂದರೆ ಕಾದಾಟ ಮುಗಿದು, ನಮಾಜು ಮಾಡುವವರನ್ನೆಲ್ಲ ಓಡಿಸಿಯೋ ಕೊಂದೋ ಆದಮೇಲೆ. 16ನೇ ಶತಮಾನದ ಮಸೀದಿ, ಒಳಗೆ ಹೂಬಳ್ಳಿಗಳ ಬಣ್ಣದ ಕೆಲಸಕ್ಕೆ ಹೆಸರಾದದ್ದು. ಕಲ್ಲುಗಳನ್ನೂ ಲಾರಿಯಲ್ಲಿ ಸಾಗಿಸಿಬಿಟ್ಟರು. ಆಮೇಲೆ ಊರಿನ ಹೆಸರನ್ನೇ ಸ್ರ್ಬಿನ್ಯೆ, ಅಂದರೆ ಸರ್ಬರ ಊರು, ಅಂತ ಬದಲಿಸಿದರು. 2004ರಲ್ಲಿ ಸಂವಿಧಾನ ನ್ಯಾಯಾಲಯ ಹೇಳಿದ ಮೇಲೆ ಹಳೇ ಹೆಸರು ವಾಪಸ್ ಬಂತು. ಇಂಥ ಕಟ್ಟಡಗಳ ಫೋಟೋ, ಅಳತೆ, ಸಾಕ್ಷಿ ಎಲ್ಲ ಕೂಡಿಸಿ ಹೇಗ್‌ಗೆ ಒಪ್ಪಿಸಿದವರು ಹಾರ್ವರ್ಡ್‌ನ ಗ್ರಂಥಪಾಲಕ ಆಂಡ್ರಾಸ್ ರೀಡ್ಲ್‌ಮಾಯರ್. ವಿಚಾರಣೆಯಲ್ಲಿ ಸರ್ಬಿಯಾದ ಮಾಜಿ ಅಧ್ಯಕ್ಷ ಮಿಲೊಶೆವಿಚ್ ಎದುರಿಗೇ ನಿಂತು ಸಾಕ್ಷಿ ಹೇಳಿದವರು.

ಹೂತುಹಾಕಿದ್ದ ಕಲ್ಲುಗಳಲ್ಲಿ ಒಂದಷ್ಟು ಮತ್ತೆ ಸಿಕ್ಕವು. ಟರ್ಕಿ, ಅಮೆರಿಕ ದುಡ್ಡು ಕೊಟ್ಟವು. 2019ರ ಮೇ 4ರಂದು ಅಲಾಜಾ ಮತ್ತೆ ತೆರೆಯಿತು. ಗೋಡೆಯನ್ನು ಹತ್ತಿರದಿಂದ ನೋಡಿದರೆ ಹಳೇ ಕಲ್ಲು ಗೊತ್ತಾಗುತ್ತದೆ. ಮೂಲೆ ಚಕ್ಕೆ ಎದ್ದಿರುತ್ತದೆ, ಬಣ್ಣ ಮಂಕು. ಪಕ್ಕದ ಹೊಸ ಕಲ್ಲಿನ ಅಂಚು ಚೂಪಾಗಿದೆ.

ನೋಡಿಕೊಳ್ಳುವ ಹಿರಿಯರು ಒಳಗೆ ಕರೆದರು. ಅವರಿಗೆ ಜರ್ಮನ್ ಬರುತ್ತಿತ್ತು, ತಂಗಿ ಮಾತಾಡಿದಳು. ಶುಕ್ರವಾರದ ನಮಾಜಿಗೂ ಕೆಲವೇ ಜನ, ಬೇಸಿಗೆಯಲ್ಲಿ ಹೊರದೇಶಗಳಿಂದ ಬಂದಾಗ ಮಾತ್ರ ತುಂಬುತ್ತದೆ ಅಂದರಂತೆ. ಹೊರಗೆ ಬಂದ ಮೇಲೆ ತಂಗಿ, "ಜನವೇ ಇಲ್ಲದ ಕಡೆ ಇಷ್ಟು ಖರ್ಚು ಮಾಡಿ ಕಟ್ಟಿದ್ದು ಯಾಕಕ್ಕಾ?" ಅಂದಳು.

ಇದನ್ನು ಕೆಡವಿದವರು ಹೇಳಬೇಕೆಂದಿದ್ದದ್ದು ಇಲ್ಲಿ ಅಂಥವರು ಯಾವತ್ತೂ ಇರಲೇ ಇಲ್ಲ ಅಂತ. ಊರಿನ ಹೆಸರು ಬದಲಿಸಿದ್ದೂ ಅದಕ್ಕೇ. ಈಗ ಬಸ್ಸಿನಿಂದ ಇಳಿದ ಯಾರಿಗೇ ಆದರೂ ಮಿನಾರು ಕಾಣುತ್ತದೆ. ಬೇಸಿಗೆಗೆ ಬರುವ ಮಕ್ಕಳಿಗೆ ಅಜ್ಜ ಕೈಹಿಡಿದು ತೋರಿಸಲು ಒಂದು ಜಾಗ ಇದೆ. ನನ್ನ ಪ್ರಕಾರ ಆ ಖರ್ಚು ಸರಿ ಅಂದೆ. ಜನ ವಾಪಸ್ ಬಂದು ನೆಲೆಸುವ ಹಾಗೆ ಕೆಲಸ, ಶಾಲೆ, ಭದ್ರತೆ ಇದ್ದರೆ ತಾನೇ ಪೂರ್ತಿ ಸರಿ ಅನ್ನುವುದು ತಂಗಿಯ ವಾದ. ಅದನ್ನು ನಾನು ಒಪ್ಪಿದೆ. ವಾಪಸ್ ಬಸ್ಸಿನಲ್ಲಿ ಸರಾಯೆವೊ ತಲುಪುವವರೆಗೂ ಇದೇ ಮಾತು.